ಅಪ್ಪನ ಮಣಿಕಟ್ಟಿನ ಸರಾಸರಿ

ತೂಕ ಮತ್ತು ಅಳತೆ ಕಚೇರಿಯ ಆ ತಪಾಸಕನ ಎದುರು ಊರಿನ ಯಾವ ತಕ್ಕಡಿಯೂ ಸುಳ್ಳು ಹೇಳುವಂತಿರಲಿಲ್ಲ. ಅಂಥವನಿಗೆ ಸ್ವಂತ ಅಪ್ಪನ ಮಣಿಕಟ್ಟನ್ನು ಅಳೆಯುವ ಹೊತ್ತಿಗೆ ಸಾಕುಸಾಕಾಯಿತು.

ಅಪ್ಪ ಮೂವತ್ತು ವರ್ಷ ಬಂದರಿನಲ್ಲಿ ನೀರಿನೊಳಗೆ ಮುಳುಗಿ ಹಡಗಿನ ತಳ ರಿಪೇರಿ ಮಾಡಿದವರು. ಆಗೆಲ್ಲ ಅವರ ಕೈಯಲ್ಲೊಂದು ವಾಚು ಇರುತ್ತಿತ್ತು. ಮಗನಿಗೆ ಆರು ವರ್ಷವಾಗಿದ್ದಾಗ ಒಂದು ಸಂಜೆ ಬರಿಗೈಯಲ್ಲಿ ಬಂದು, "ಸಮುದ್ರ ನುಂಗ್ಬಿಡ್ತು ಕಣೋ" ಅಂದಿದ್ದರು. ಮಗ ಮೂರು ದಿನ ಊಟ ಬಿಟ್ಟು ಅತ್ತಿದ್ದ. ಈಗ ಅದೇ ಹಳೆಯ ಚಹರೆಯ ವಾಚು ಹೊಸದಾಗಿ ಅಂಗಡಿಗೆ ಬಂದಿತ್ತು. ಅದನ್ನು ಅಪ್ಪನ ಕೈಗೆ ಕಟ್ಟಿ ಅವರ ಮುಖ ನೋಡಬೇಕು, ಅಷ್ಟೇ ಅವನ ಆಸೆ.

ತೊಡಕೆಂದರೆ ಅದರಲ್ಲಿ ಎರಡು ಅಳತೆ. ಮೂವತ್ತಾರು ಮಿಲಿಮೀಟರ್ ಅಗಲದ ಚಿಕ್ಕದು, ನಲವತ್ತೆರಡರ ದೊಡ್ಡದು. ಒಂದೊಂದೇ ಉಳಿದಿದ್ದವು.

"ಸಂಜೆ ಐದರ ತನಕ ಎತ್ತಿಟ್ಟಿರ್ತೀನಿ. ಮಣಿಕಟ್ಟಿನ ಸುತ್ತಳತೆ ಹದಿನೇಳು ಸೆಂಟಿಮೀಟರ್ ದಾಟಿದ್ರೆ ದೊಡ್ಡದು, ಇಲ್ದಿದ್ರೆ ಚಿಕ್ಕದು. ಕೊಂಡ್ಮೇಲೆ ವಾಪಸ್ ತಗೊಳಲ್ಲ," ಎಂದಿದ್ದ ಅಂಗಡಿಯವನು.

ಬೆಳಿಗ್ಗೆ ಮಗ ನಾಡಿ ನೋಡುವ ನೆಪದಲ್ಲಿ ಅಪ್ಪನ ಕೈ ಹಿಡಿದು ಮೆಲ್ಲಗೆ ದಾರ ಸುತ್ತಿದ. ಹದಿನಾರು.

"ಯಾಕೋ, ಏನಾಗಿದೆ ನಂಗೆ?"

"ಏನಿಲ್ಲಪ್ಪ, ಸುಮ್ನೆ."

ಸುಮ್ಮಸುಮ್ಮನೆ ನಾಡಿ ಹಿಡಿಯುವ ಮಗನನ್ನು ಯಾವ ಅಪ್ಪ ತಾನೇ ನಂಬುತ್ತಾನೆ! ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದರು.

ಅಲ್ಲಿಗೇ ಬಿಟ್ಟು ಚಿಕ್ಕದನ್ನು ತಂದಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಅವನ ನೆನಪಿನಲ್ಲಿ ಆ ವಾಚು ಊಟದ ತಟ್ಟೆಯಷ್ಟು ಅಗಲವಿತ್ತು. ತಲೆಕೆಟ್ಟು ಕಚೇರಿಯಲ್ಲಿ ಬಾಯಿಬಿಟ್ಟ. ಎಲ್ಲರೂ 'ದಶಮಾಂಶ' ಎಂದು ಕರೆಯುವ ಪಕ್ಕದ ಮೇಜಿನ ಹಿರಿಯರು ಕನ್ನಡಕ ತೆಗೆದಿಟ್ಟರು.

"ಒಂದೇ ಸಲ ಅಳೆದ್ರಾ? ಮೂರು ಜನ ಅಳೆದು ಸರಾಸರಿ ತೆಗೀದೆ ಎಣ್ಣೆ ಅಳೆಯೋ ಡಬ್ಬಕ್ಕೂ ಮುದ್ರೆ ಒತ್ತಲ್ಲ ನಾವು. ಹೆತ್ತಪ್ಪ ಡಬ್ಬಕ್ಕಿಂತ ಕಡೆನೇನ್ರೀ?"

ಒಳಗಿನಿಂದ ಸಾಹೇಬರೂ ಎದ್ದು ಬಂದರು. "ನಿಯಮ ಅಂದ್ರೆ ನಿಯಮ. ಮೂರನೇ ಅಳತೆ ನಂದು."

ಅನುಮಾನ ಬಾರದಿರಲೆಂದು ತಪಾಸಕ ಕಚೇರಿಯಲ್ಲೇ ಉಳಿದ. ಮಧ್ಯಾಹ್ನ ದಶಮಾಂಶ ಮನೆಗೆ ಹೋಗಿ, ಕುಶಲ ವಿಚಾರಿಸುತ್ತ ಮಣಿಕಟ್ಟನ್ನು ಐದು ನಿಮಿಷ ಬಿಡದೆ ಹಿಡಿದರು. ಹದಿನಾರೂವರೆ. ಪಕ್ಕದ ಮನೆಯ ಅತ್ತೆ ಕಿಟಕಿಯಿಂದಲೇ ಎಲ್ಲ ನೋಡಿ, ಓಡಿಬಂದು ತಪಾಸಕನ ಹೆಂಡತಿಯನ್ನು ಹಿಡಿದರು.

"ಯಾಕಮ್ಮಾ, ಮಾವನಿಗೆ ಏನಂತೆ?"

"ಯಾರಿಗೂ ಹೇಳ್ಬಾರ್ದು ಅಂದಿದ್ದಾರೆ ಅತ್ತೆ."

ಅಷ್ಟು ಸಾಕಾಯಿತು. ಅತ್ತೆ ಮನೆಗೆ ಹೋಗಿ ತಮ್ಮ ಯಜಮಾನರ ದಪ್ಪ ಉಣ್ಣೆ ಸ್ವೆಟರ್ ತಂದು ಮುದುಕರಿಗೆ ತೊಡಿಸಿದರು. ದಾರಿಯಲ್ಲಿ ನಾಲ್ಕು ಮನೆಗೆ ಸುದ್ದಿಯನ್ನೂ ಮುಟ್ಟಿಸಿದ್ದರು. ಆಮೇಲೆ ಬಂದ ಸಾಹೇಬರಿಗೆ ತೋಳು ಮಡಚಿ ಎನ್ನಲು ಸಂಕೋಚ. ಸ್ವೆಟರಿನ ಮೇಲೆಯೇ ಅಳೆದರು. ಇಪ್ಪತ್ತು.

"ಸಾಹೇಬ್ರೇ, ಮುಚ್ಚಿಡ್ಬೇಡಿ. ನನ್ನ ವಿಷಯ ಏನಾಯ್ತು?"

ಗುಟ್ಟು ಹೇಳುವಂತಿಲ್ಲ, ಸುಳ್ಳು ಬಾಯಿಗೆ ಬಾರದು. ಸಾಹೇಬರು ಎದ್ದು ನಿಂತರು. "ಸಂಜೆಯೊಳಗೆ ತೀರ್ಮಾನ ಆಗುತ್ತೆ, ಯಜಮಾನ್ರೇ."

ಅಪ್ಪ ಕಣ್ಣು ಮುಚ್ಚಿ ತೆರೆದರು. "ಒಂದ್ನಿಮಿಷ ಕೂತ್ಕೊಳ್ಳಿ," ಎಂದು ಮಂಚದ ಕೆಳಗಿನ ಪೆಟ್ಟಿಗೆ ಎಳೆದರು.

ಸರಾಸರಿ ಹದಿನೇಳೂವರೆ ಬಂತು. ತಪಾಸಕ ದೊಡ್ಡದನ್ನು ಕೊಂಡು, ಉಕ್ಕಿನ ಪಟ್ಟಿಯನ್ನೂ ಅದೇ ಅಳತೆಗೆ ಜೋಡಿಸಿಕೊಂಡು ಮನೆಗೆ ಬಂದ. ಬಾಗಿಲಲ್ಲಿ ಹದಿನೈದು ಜೊತೆ ಚಪ್ಪಲಿ. ಒಳಗೆ ಯಾರೋ ಮೂಗು ಸೀಟುವ ಸದ್ದು. ಅಯ್ಯೋ, ಒಂದು ಗಂಟೆ ಮುಂಚೆ ಬಂದಿದ್ದರೆ! ನೂಕಿಕೊಂಡು ಒಳಗೆ ಹೋದ.

ಅಪ್ಪ ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಮಗ ಅಳುತ್ತಲೇ ಅವರ ಕೈಗೆ ವಾಚು ಕಟ್ಟಿದ. ಅದು ಸುಯ್ಯನೆ ಮೊಣಕೈಗೆ ಜಾರಿತು.

"ಹೋಗೋನಿಗೆ ಹೊತ್ತು ಯಾಕೋ ಮಗನೇ?"

ಮಗ ದಾರದಿಂದ ಸರಾಸರಿಯವರೆಗೆ ಎಲ್ಲ ಒಪ್ಪಿಕೊಂಡ. ಅತ್ತೆ ಸ್ವೆಟರ್ ಬಿಚ್ಚಿಸಿಕೊಂಡು ಹೊರಟರು.

"ಹಂಗಾದ್ರೆ ನಾನು ಸಾಯ್ತಿಲ್ವಾ?"

"ಇಲ್ಲಪ್ಪಾ."

ಅಪ್ಪ ತಲೆಮೇಲೆ ಕೈಹೊತ್ತರು. "ಕೆಟ್ಟೆನಲ್ಲೋ! ಹಳೇ ವಾಚನ್ನ ನಿಮ್ಮ ಸಾಹೇಬ್ರಿಗೆ ಕೊಟ್ಬಿಟ್ಟೆ."

"ಅದನ್ನ ಸಮುದ್ರ ನುಂಗಿತ್ತಲ್ಲ!"

"ಎಲ್ಲಿಯ ಸಮುದ್ರ! ನೀನು ಅದನ್ನ ಎರಡು ಸಲ ಬಾವಿಗೆ ಎಸೆದಿದ್ದೆ. ಎರಡು ಸಲಾನೂ ಮುಳುಗಿ ತಂದಿದ್ದೆ. ಬುದ್ಧಿ ಬಂದ್ಮೇಲೆ ಕೊಡೋಣ ಅಂತ ಪೆಟ್ಟಿಗೇಲಿಟ್ಟೆ. ಇವತ್ತು ಹೋಗೋ ಹೊತ್ತಾಯ್ತು ಅಂದ್ಕೊಂಡು, ನನ್ನ ಮಗನ್ನ ಕೈಬಿಡ್ಬೇಡಿ ಅಂತ ಅವರ ಕೈಗೆ ನಾನೇ ಕಟ್ಟಿದೆ."

ಅಷ್ಟರಲ್ಲಿ ಫೋನ್ ರಿಂಗಾಯಿತು. ಸಾಹೇಬರು.

"ಏನ್ರೀ, ಹೊಸದು ಬರುತ್ತೆ ಅಂತ ನಿಮ್ಮ ತಂದೆಯವರಿಗೆ ಹೇಗೋ ಗೊತ್ತಾಗಿತ್ತು ನೋಡಿ. ಹಳೇದನ್ನ ನಂಗೇ ಕೊಟ್ರು, ದೊಡ್ಡ ಮನಸ್ಸು. ಮೂರು ಸಲ ಅಳೆದೆ ಕಣ್ರೀ, ಸರಿಯಾಗಿ ಮೂವತ್ತಾರು. ನನ್ನ ಕೈಗೆ ಮಾಡಿಸಿದ ಹಾಗಿದೆ, ಇನ್ನು ಬಿಚ್ಚೋ ಮಾತೇ ಇಲ್ಲ. ಅಂದ ಹಾಗೆ, ಹೊಸದು ಅವರಿಗೆ ಸರಿಹೋಯ್ತಾ?"

ತಪಾಸಕ ಅಪ್ಪನ ಕಡೆ ನೋಡಿದ. ಅವರು ಮೊಣಕೈ ಎತ್ತಿ, ಕತ್ತು ಓರೆ ಮಾಡಿ ಗಂಟೆ ಎಷ್ಟೆಂದು ಹುಡುಕುತ್ತಿದ್ದರು.

"ಸರಿಹೋಯ್ತು ಸಾರ್," ಎಂದ. ಹುದ್ದೆಗೆ ಸೇರಿದ ಮೇಲೆ ಅವನು ಕೊಟ್ಟ ಮೊದಲ ಸುಳ್ಳು ಪ್ರಮಾಣಪತ್ರ ಅದು.