ಯಾರ ಹೊಲದ ಕಾಯಿ?

ನಮ್ಮ ಸೋದರಮಾವನಿಗೆ ಯಾವುದನ್ನೂ ಮೊದಲಿನಿಂದ ಶುರು ಮಾಡುವ ಅಭ್ಯಾಸವೇ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಪೇಪರು ಕೈಗೆ ಬಂದರೆ ಮಧ್ಯದ ಪುಟ. ಉಪ್ಪಿಟ್ಟಿನ ಪಾತ್ರೆ ಕಂಡರೆ ನಟ್ಟನಡುವಿಗೆ ಸೌಟು. ಮದುವೆಗೆ ಹೋದರೆ ಮಂಟಪದ ಕಡೆ ತಿರುಗಿಯೂ ನೋಡದೆ ನೇರ ಅಡುಗೆಮನೆಗೆ! ಕೇಳಿದರೆ, “ಮ್ಯಾಲೆ ಎಲ್ಲಾರೂ ಚಂದಾಗೇ ಇಟ್ಟಿರ್ತಾರವ್ವ, ಒಳಗೇನೈತೆ ನೋಡ್ಬೇಕು” ಎನ್ನುತ್ತಾರೆ.

ತಪ್ಪು ಅವರದಲ್ಲ, ಕಸುಬಿನದು. ಚಳ್ಳಕೆರೆ ಮಾರುಕಟ್ಟೆಯ ಶೇಂಗಾ ಮಂಡಿಯೊಂದರಲ್ಲಿ ಅವರು ಗುಮಾಸ್ತರು. ಚೀಲದ ಬಾಯಲ್ಲಿ ಕಾಣುವ ಕಾಯಿಯನ್ನು ಅವರು ನಂಬುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ, ನಡುವಿನಿಂದ ಒಂದು ಹಿಡಿ ತೆಗೆದು, ಒಡೆದು, ಬೀಜ ಬೇರೆ ಜೊಳ್ಳು ಬೇರೆ ಮಾಡುತ್ತಾರೆ. ಆಮೇಲೆ ರಾಶಿಯ ಮೇಲೆ ರೈತನ ಹೆಸರು, ಊರು ಬರೆದ ಚೀಟಿ ಇಡುತ್ತಾರೆ. ಅವರಿಗೆ ಸ್ವಂತಕ್ಕೆ ಒಂದು ಗುಂಟೆ ಹೊಲವೂ ಇಲ್ಲ. ಕಂಡವರ ಹೆಸರು ಬರೆದೂ ಬರೆದೂ ಅಕ್ಷರ ಮಾತ್ರ ಮುತ್ತಿನಂತಾಗಿದೆ.

ಇಂಥವರ ಕೈಗೆ ನನ್ನ ಎಂ.ಎ. ಪ್ರಬಂಧ ಸಿಕ್ಕಿದ್ದು ನನ್ನ ಗ್ರಹಚಾರ. ಶೇಂಗಾ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿಮಂದೆ ನಿಲ್ಲಿಸುವ ಪದ್ಧತಿಯ ಬಗ್ಗೆ ಇಪ್ಪತ್ತು ಪುಟ ಬರೆದಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ “ಇದರಲ್ಲಿ ನಿಮ್ಮದು ಯಾವುದು?” ಎಂದು ಬರೆದು ವಾಪಸು ಕೊಟ್ಟಿದ್ದರು. ಸೋಮವಾರ ತಿದ್ದಿ ಕೊಡಬೇಕು, ಇಲ್ಲವಾದರೆ ಒಂದು ವರ್ಷ ಹೋದಂತೆಯೇ. ಶುಕ್ರವಾರ ಬೆಳಗಿನಿಂದ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಅವ್ವ, “ನಿಮ್ಮಾವಂಗೆ ತೋರ್ಸು” ಎಂದಳು. ಮುಳುಗುವವಳು ಹುಲ್ಲುಕಡ್ಡಿಯನ್ನಾದರೂ ಹಿಡಿಯಬೇಕಲ್ಲ!

ಮಾವ ಸೀದಾ ಹನ್ನೊಂದನೇ ಪುಟಕ್ಕೆ ಕೈ ಹಾಕಿದರು.

“‘ಅನಾದಿ ಕಾಲದಿಂದಲೂ ಮಾನವನು ಪ್ರಾಣಿಗಳೊಡನೆ ಅವಿನಾಭಾವ ಸಂಬಂಧ ಹೊಂದಿದ್ದಾನೆ.’ ಜೊಳ್ಳು!” ಪೆನ್ಸಿಲ್ಲಿನಿಂದ ಒಂದು ಗೀಟು.

“ಮಾವ, ಅದು ಪೀಠಿಕೆ ಥರ...”

“ಹನ್ನೊಂದನೇ ಪುಟದಾಗೆ ಎಂಥಾ ಪೀಠಿಕೆ? ‘ಕುರಿಗಾರರು ಪ್ರಕೃತಿಯ ಮಡಿಲಲ್ಲಿ ನೆಮ್ಮದಿಯಿಂದ ಬದುಕುತ್ತಾರೆ.’ ಇದು ಯಾರ ಹೊಲದ್ದು?”

“ಇಂಟರ್ನೆಟ್ಟಿನದು.”

“ಅದ್ಯಾವ ಹೋಬಳಿ? ಚೀಟಿ ಎಲ್ಲೈತೆ? ಚೀಟಿ ಇಲ್ದಿರೋ ಚೀಲಕ್ಕೆ ನಾವು ಕಳ್ಮಾಲು ಅಂತೀವಿ!”

ಅಡಿಟಿಪ್ಪಣಿ ಹಾಕಿ ಎಂದು ಮೇಷ್ಟ್ರು ಎರಡು ವರ್ಷದಿಂದ ಬಡಕೊಂಡರೂ ನನ್ನ ತಲೆಗೆ ಇಳಿದಿರಲಿಲ್ಲ. ಈಗ ಇಳಿಯಿತು. ಸಂಜೆಯ ಹೊತ್ತಿಗೆ ಇಪ್ಪತ್ತು ಪುಟದಲ್ಲಿ ಉಳಿದದ್ದು ಎರಡೂವರೆ. ನಾನು ಅತ್ತೇಬಿಟ್ಟೆ.

“ಅಳ್ಬ್ಯಾಡ. ಎರಡೂವರೆ ಪುಟ ಬೀಜ ಐತಲ್ಲ! ನಾಳೆ ದೇವಸಮುದ್ರಕ್ಕೆ ಹೋಗಾಣ, ಅಲ್ಲಿ ಕುರಿಮಂದೆ ಬಂದೈತೆ.”

ಶನಿವಾರ ಬಸ್ಸು ಹತ್ತಿದೆವು. ದೇವಸಮುದ್ರದ ಆಚೆ ಒಂದು ಕಟಾವಾದ ಹೊಲದಲ್ಲಿ ಮಂದೆ ನಿಂತಿತ್ತು. ಮಂದೆಯ ಯಜಮಾನಿ ಬೇವಿನ ನೆರಳಲ್ಲಿ ಕೂತಿದ್ದಳು. ನಾನು ಕ್ರಮವಾಗಿ ಪ್ರಶ್ನಾವಳಿ ತೆಗೆದು ಹೆಸರು, ವಯಸ್ಸು, ವಿದ್ಯಾಭ್ಯಾಸ ಎಂದು ಶುರು ಮಾಡಿದೆ. ಆಕೆ ಸೆರಗು ಸರಿಮಾಡಿಕೊಂಡು ಬಾಯಿ ಹೊಲಿದುಕೊಂಡಳು. ಮಾಡಬೇಕಾದ ಕೆಲಸ ಬೆಟ್ಟದಷ್ಟು, ಉಳಿದದ್ದು ಒಂದೂವರೆ ದಿನ, ಸಿಕ್ಕ ಉತ್ತರ ಸೊನ್ನೆ!

ಮಾವ ನಡುವೆ ಕೈ ಹಾಕಿದರು. “ಅಮ್ಮಯ್ಯ, ಹೋದ್ಸಲ ಯಾರ ಹೊಲದಾಗೆ ಜಗಳ ಆತು?”

ಅಷ್ಟೇ! ಆಕೆ ಎರಡು ಗಂಟೆ ಮಾತಾಡಿದಳು, ಅರ್ಧ ಕನ್ನಡ ಅರ್ಧ ತೆಲುಗು. ಎಷ್ಟು ರಾತ್ರಿ ಮಂದೆ ನಿಂತರೆ ಎಷ್ಟು ಜೋಳ ಕೊಡುತ್ತಾರೆ, ಮಾತು ಕೊಟ್ಟು ಯಾರು ತಪ್ಪಿದರು, ಎಲ್ಲ ಬಂತು. ನೆಮ್ಮದಿಯ ವಾಕ್ಯವನ್ನು ಓದಿ ಹೇಳಿದೆ. “ಏಮಮ್ಮಾ, ನೆಮ್ಮದೀನಾ? ತೋಳ, ಮಳೆ, ಹೊಲದೋರು, ಮೂರೂ ಒಂದೇ ಸಲ ಬರ್ತಾವೆ ನಮಗೆ!” ಎಂದು ಬಿದ್ದು ಬಿದ್ದು ನಕ್ಕಳು. ಅದನ್ನು ಆಕೆಯ ಹೆಸರಿನ ಚೀಟಿಯೊಂದಿಗೇ ಬರೆದುಕೊಂಡೆ.

ವಾಪಸು ಬರುವಾಗ ಮಾವ ಕಿಟಕಿಯಾಚೆ ನೋಡುತ್ತ ತಮ್ಮಷ್ಟಕ್ಕೆ ಅಂದರು: “ಕುರಿ ನಿಂತ ಹೊಲದ ಕಾಯಿ ಒಡೆಯೋದೇ ಬ್ಯಾಡ. ಹಿಡಿಯಾಗೇ ಭಾರ ಗೊತ್ತಾಗ್ತೈತೆ.” ನಾನು ಟಿಕೆಟ್ಟಿನ ಹಿಂದೆ ಗೀಚಿಕೊಂಡೆ.

ಭಾನುವಾರವೆಲ್ಲ ಕೂತು ಒಂಬತ್ತು ಪುಟ ಬರೆದೆ. ಒಂಬತ್ತೇ! ಮೇಷ್ಟ್ರು ಒಪ್ಪದಿದ್ದರೆ? ಆ ಭಯಕ್ಕೆ ಸೋಮವಾರ ಬೆಳಿಗ್ಗೆ ಬಸ್ ಹಿಡಿಯುವ ಮೊದಲು ಮಂಡಿಗೆ ಓಡಿದೆ. ಪ್ರಬಂಧ ಆಮೇಲೆ ಪಾಸಾಯಿತು, ಅದು ಬೇರೆ ಮಾತು. ಆದರೆ ಆ ಬೆಳಿಗ್ಗೆ ನಡೆದದ್ದನ್ನು ನಾನು ಹೇಳಲೇಬೇಕು.

ಮಾವ ಯಥಾಪ್ರಕಾರ ನಡುವಿನ ಐದನೇ ಪುಟ ತೆಗೆದರು. “‘ಕುರಿ ನಿಂತ ಹೊಲದ ಕಾಯಿಯ ಭಾರ ಹಿಡಿಯಲ್ಲೇ ಗೊತ್ತಾಗುತ್ತದೆ.’ ಭೇಷ್! ಗಟ್ಟಿ ಬೀಜ. ಯಾರ ಹೊಲದ್ದು?”

ತಾವೇ ಅಂದದ್ದು ನೆನಪಿಲ್ಲ! ನಾನು ಪುಟದ ಬುಡಕ್ಕೆ ಬೆರಳಿಟ್ಟು ತೋರಿಸಿದೆ. ಅಲ್ಲಿ ಸಣ್ಣಕ್ಷರದಲ್ಲಿ ಅವರ ಹೆಸರಿತ್ತು. ಅದರ ಮುಂದೆ, ‘ಶೇಂಗಾ ಮಂಡಿ, ಚಳ್ಳಕೆರೆ’.

ಅವರು ಓದಿದರು. ಮತ್ತೊಮ್ಮೆ ಓದಿದರು. “ಲೇ ಹುಡ್ಗಿ, ನಂಗೆಲ್ಲೈತೆ ಹೊಲ?” ಎಂದರು.

ಹೊರಗೆ ನನ್ನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಕಾಗದ ವಾಪಸು ಕೇಳೋಣವೆಂದು ಕೈ ಚಾಚಿದವಳು ಹಾಗೇ ನಿಂತೆ. ಮಾವ ಪುಟಗಳನ್ನು ಜೋಡಿಸಿ, ಕನ್ನಡಕ ಏರಿಸಿ, ಮೊದಲನೇ ಪುಟದ ಮೊದಲನೇ ಸಾಲಿನಿಂದ ಓದಲು ಶುರು ಮಾಡಿದ್ದರು.