ಸಮುದ್ರಕ್ಕೆ ಹೊರಟ ಸಂಸಾರ

ನೀರಿನ ಮೇಲೆ ಸಂಸಾರ ಹೂಡಿದವನಿಗೆ ನಗೆಪಾಟಲು ದಿನದ ಊಟವಿದ್ದಂತೆ, ಒಂದು ಹೊತ್ತೂ ತಪ್ಪುವುದಿಲ್ಲ. ಆಗ ನಮ್ಮ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮನೆ ತುಂಬ ಅಣ್ಣನ ಮೂರು ರೇಷ್ಮೆ ಮಗ್ಗ. ಅವುಗಳ ನಡುವೆ ಕಾಲು ಚಾಚಲು ಜಾಗವಿರಲಿಲ್ಲ. ಹತ್ತು ವರ್ಷ ಹಾಯಿಹಡಗುಗಳಲ್ಲಿ ಖಲಾಸಿಯಾಗಿದ್ದು ಊರಿಗೆ ಮರಳಿದವನು ನಾನು. ಒಂದು ಪುಟ್ಟ ಹಾಯಿದೋಣಿ ಮಾಡಿಸಿ, ಕಾವೇರಿ ದಡದ ಹೊಂಗೆಮರಕ್ಕೆ ಕಟ್ಟಿ, ಹೆಂಡತಿಯೊಡನೆ ಅದರಲ್ಲೇ ವಾಸಕ್ಕಿಳಿದೆ. ನನ್ನದೊಂದೇ ಆಸೆ. ಅವಳಿಗೆ ಸಮುದ್ರ ತೋರಿಸಬೇಕು. ಅವಳಿಲ್ಲದೆ ಹೋಗುವ ಮನಸ್ಸು ನನಗಿರಲಿಲ್ಲ.

೧. ಚಾಪೆ

ದೋಣಿಯ ಕೆಲಸಕ್ಕೆ ಪಾಲಾರ್ ಕಡೆಯ ಬಡಗಿ ಬಂದಿದ್ದ. ಅವನ ಮಾತು ಅರ್ಧ ಕನ್ನಡ, ಅರ್ಧ ತಮಿಳು. ಒಂದು ದಿನ ನಾನು ಸಂತೆಗೆ ಹೋಗಿದ್ದಾಗ ಕಂಬ ನಿಲ್ಲಿಸಿ, "ಪಾಯ್ ಕೊಡಮ್ಮ" ಎಂದನಂತೆ. ತಮಿಳಿನಲ್ಲಿ ಪಾಯ್ ಎಂದರೆ ಹಾಯಿಯೂ ಹೌದು, ಚಾಪೆಯೂ ಹೌದು. ನನ್ನವಳಿಗೆ ಗೊತ್ತಿದ್ದದ್ದು ಚಾಪೆ ಮಾತ್ರ. ಪಾಪ, ದಣಿದಿದ್ದಾನೆ ಎಂದು ನಾವು ಮಲಗುವ ಚಾಪೆಯನ್ನೇ ಕೊಟ್ಟಳು. ಬಡವರ ದೋಣಿಗೆ ಇಂಥದೇ ಹಾಯಿ ಇರಬೇಕು ಎಂದು ಅವನೂ ಎರಡು ಮಾತಾಡಲಿಲ್ಲ.

ನಾನು ಬಂದು ನೋಡುತ್ತೇನೆ, ನಮ್ಮ ಚಾಪೆ ಕಂಬದ ತುದಿಯಲ್ಲಿ ಗಾಳಿ ತುಂಬಿಕೊಂಡು ಹಾಯಾಗಿ ಆಡುತ್ತಿದೆ. ಹೆಂಡತಿ ಕೆಳಗೆ ಕುಳಿತಿದ್ದಾಳೆ.

"ಇದೇನೇ?" ಎಂದೆ.

"ನಂಗೇನ್ ಗೊತ್ತು? ದಿಂಬ್ನೂ ಕೇಳ್ತನೇನೋ ಅಂತ ಮಡಿಕಂಡು ಕೂತಿವ್ನಿ."

೨. ಅಂಚು

ನಿಜವಾದ ಹಾಯಿಗೆ ದಪ್ಪ ನೂಲಿನ ಬಟ್ಟೆ ನೇಯ್ದುಕೊಡು ಎಂದು ಅಣ್ಣನನ್ನು ಕೇಳಿದೆ. ಅವನು ಹುಟ್ಟಿದ ಮೇಲೆ ಸೀರೆ ಬಿಟ್ಟು ಬೇರೇನೂ ನೇಯ್ದವನಲ್ಲ. ಒಂದು ತಿಂಗಳಾದ ಮೇಲೆ ಹಾಯಿ ಬಂತು. ಎರಡೂ ಕಡೆ ಗೇಣಗಲದ ಕೆಂಪು ಅಂಚು, ತುದಿಯಲ್ಲಿ ನವಿಲಿನ ಸೆರಗು!

"ಅಣ್ಣಾ, ಇದು ದೋಣಿಗೆ ಕಣೋ!"

"ಆದ್ರೇನ್ಲಾ? ಬೋಳು ಬಟ್ಟೆ ಇಳಿಸುದ್ರೆ ಮಗ್ಗ ಮುನಿಸ್ಕತದೆ" ಎಂದ.

ಬೆಳಗಿನ ಮಂಜು ಕರಗುವ ಹೊತ್ತಿಗೆ ಹಾಯಿ ಏರಿಸಿದೆ. ಬಿಸಿಲು ಕೆಂಪಂಚನ್ನು ತಾಕಿದಾಗ ಕನಸಿನ ಬಾಗಿಲೇ ತೆರೆದಂತಾಯಿತು. ನಾನು ಮೈಮರೆತು ನಿಂತಿದ್ದೆ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ನನ್ನ ಹೆಂಡತಿಯನ್ನು ಕೂಗಿ ಹೇಳಿದಳು:

"ಅಕ್ಕಾ, ಬ್ಯಾಗ ಬಾ! ನಿನ್ ಮದ್ವೆ ಸೀರೆಯ ನಿನ್ ಗಂಡ ಕಂಬುಕ್ಕೆ ಉಡುಸ್ತಾವ್ನೆ!"

೩. ಸಮುದ್ರ

ಮಧ್ಯಾಹ್ನದ ಹೊತ್ತು ದೋಣಿಯಲ್ಲಿ ಅಂಗಾತ ಮಲಗಿ ಪ್ರಯಾಣದ ಯೋಚನೆ ಮಾಡುವುದೇ ನನ್ನ ಸುಖ. ನಮ್ಮಲ್ಲಿಂದ ಕೆಳಗೆ ಜಲಪಾತ. ಆದ್ದರಿಂದ ದೋಣಿಯನ್ನು ಜೋಡೆತ್ತಿನ ಗಾಡಿಗೆ ಹೇರಿ, ಹನೂರು, ಪಾಲಾರ್ ದಾಟಿ, ಮೆಟ್ಟೂರು ಅಣೆಕಟ್ಟಿನ ಕೆಳಗೆ ನೀರಿಗೆ ಬಿಡುವುದು. ಸಂಕ್ರಾಂತಿ ಕಳೆದು ಗಾಳಿಯ ಅಬ್ಬರ ತಗ್ಗಿದಾಗ ಕಡಲು ಸೇರಿ, ಕರಾವಳಿಯುದ್ದಕ್ಕೂ ರಾಮೇಶ್ವರದವರೆಗೆ ತೇಲುತ್ತ ಹೋಗುವುದು. ಸಂಜೆಗೊಂದು ಬೆಸ್ತರ ಹಟ್ಟಿ, ಬೆಳಿಗ್ಗೆ ಮತ್ತೆ ನೀಲಿ. ಒಟ್ಟು ಮೂರು ತಿಂಗಳು. "ಸಮುದ್ರಕ್ಕೆ ಹೋಗೋಣವೇನೇ?" ಎಂದು ಕೇಳಿದ್ದೆ. "ಊಂ" ಎಂದಿದ್ದಳು. ನನಗೆ ಅಷ್ಟೇ ಸಾಕಾಗಿತ್ತು.

ಗಾಡಿ ಬರುವ ಹಿಂದಿನ ದಿನ ಬೆಳಿಗ್ಗೆ ಅವಳು ಕೇಳಿದಳು: "ನಾಳೀಕೆ ಒಂದೊತ್ತಿನ ಬುತ್ತಿ ಸಾಕಲ್ವಾ? ಸಂಜೀಗೆ ಬಂದ್ಬುಡ್ತೀವಲ್ಲ."

"ಎಲ್ಲಿಂದ?"

"ಸಮುದ್ರದಿಂದ!"

ಆಗ ಹೊಳೆಯಿತು. ನಮ್ಮ ಕಡೆ ಸಮುದ್ರ ಎಂದರೆ ಪಕ್ಕದ ಶಿವನಸಮುದ್ರ! ಎರಡು ವರ್ಷದ ಕನಸಿಗೆ ಇವಳು "ಊಂ" ಎಂದದ್ದು ಒಂದು ಹಗಲಿನ ಲೆಕ್ಕದಲ್ಲಿ. ತೊದಲುತ್ತ ಎಲ್ಲ ಬಿಡಿಸಿ ಹೇಳಿದೆ. ಅವಳು ಹೊಳೆಯ ಆಚೆ ದಡವನ್ನು ದಿಟ್ಟಿಸಿದಳು.

"ಆಚೆ ದಡನೇ ಕಾಣಕ್ಕಿಲ್ವಾ?"

"ಕಾಣಲ್ಲ."

"ಮೊದ್ಲೇ ಯೋಳ್ಬಾರ್ದಾ ನೀವು!" ಎಂದು ದಡಕ್ಕೆ ಹಾರಿ, ತಿರುಗಿ ನೋಡದೆ ಊರಿನ ಕಡೆ ನಡೆದಳು.

ಮುಗಿಯಿತು ಎಂದುಕೊಂಡು ತಲೆಯ ಮೇಲೆ ಕೈಹೊತ್ತು ಕುಳಿತೆ. ಮಧ್ಯಾಹ್ನಕ್ಕೆ ಅಣ್ಣನ ಗಾಡಿ ಬಂತು. ಮೇಲೆ ನನ್ನವಳು, ಜೊತೆಗೆ ನಾಲ್ಕು ಮೂಟೆ ರಾಗಿ, ಬೀಸೋಕಲ್ಲು, ಒರಳುಕಲ್ಲು.

"ಮೂರು ತಿಂಗ್ಳು ಅಂದ್ರೆ ಸುಮ್ನೆಯಾ? ಇಟ್ಟು ಬ್ಯಾಡ್ವಾ, ಖಾರ ಬ್ಯಾಡ್ವಾ?" ಎಂದಳು.

ಬರುತ್ತಾಳೆ! ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಎಲ್ಲವನ್ನೂ ನಾನೇ ಹೊತ್ತು ದೋಣಿಗೆ ತುಂಬಿದೆ. ಹತ್ತು ವರ್ಷ ಹಡಗಿನಲ್ಲಿ ದುಡಿದವನಿಗೆ ಭಾರದ ನೆನಪೇ ಬರಲಿಲ್ಲ. ಕೊನೆಗೆ ಒರಳುಕಲ್ಲನ್ನು ದೋಣಿಯೊಳಕ್ಕೆ ಇಳಿಸಿದೆ. ದೋಣಿ ಒಮ್ಮೆ ನರಳಿತು. ತಳದ ಹಲಗೆ ಬಾಯಿಬಿಟ್ಟು, ಬಸುರಿ ಎಮ್ಮೆಯಂತೆ ನಿಧಾನವಾಗಿ ಮರಳಿನ ಮೇಲೆ ಕುಳಿತುಬಿಟ್ಟಿತು.

ಮೊಣಕಾಲುದ್ದ ನೀರಲ್ಲಿ ನಾವಿಬ್ಬರೂ ನಿಂತಿದ್ದಾಗ ಹರಿಗೋಲಿನ ಅಂಬಿಗ ಆ ಕಡೆ ಬಂದ.

"ಯಾವಾಗಕ್ಕ ಸಮುದ್ರುಕ್ಕೆ ಓಗದು?"

ನನ್ನವಳು ಸೀರೆ ಎತ್ತಿ ಕಟ್ಟುತ್ತ ಹೇಳಿದಳು: "ನಾವ್ಯಾಕಣ್ಣ ಓಗ್ಬೇಕು? ಅದೇ ಮನೆ ಒಳೀಕೆ ಬಂದದೆ!"