ಹೆಂಡತಿಯ ತಪ್ಪು, ಐನೂರು ಪದಗಳಲ್ಲಿ

ನನ್ನ ಹೆಂಡತಿಯನ್ನು ವ್ಯವಹಾರ ಶಾಲೆಗೆ ಸೇರಿಸಿಯೇ ತೀರುತ್ತೇನೆ ಎಂದು ಕಳೆದ ಫೆಬ್ರವರಿಯಲ್ಲಿ, ನಮ್ಮ ಅಡುಗೆಮನೆಯ ಮೇಜಿನ ಮುಂದೆ ಎದ್ದು ನಿಂತು, ಒಂದು ಕೈಯಲ್ಲಿ ಕರಿದ ಹಿಟ್ಟಿನ ಉಂಡೆ, ಬಾವುರ್ಸಾಕ್, ಹಿಡಿದು ಘೋಷಿಸಿದೆ! ನಾನೆಂದರೆ ತಾಸ್ಬೊಲಾತ್. ತರಾಜ್ ಊರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಮೇಷ್ಟ್ರು. ಶನಿವಾರ, ಭಾನುವಾರ ಮದುವೆ ಔತಣಗಳಲ್ಲಿ ಮೈಕು ಹಿಡಿದು ಸಭೆ ನಡೆಸುವ ತಮದಾ. ಮುನ್ನೂರು ಜನರನ್ನು ಮಾತಿನಲ್ಲೇ ಕುರ್ಚಿಗೆ ಕಟ್ಟಿಹಾಕುವವನಿಗೆ ಐನೂರು ಪದಗಳ ಒಂದು ಪ್ರಬಂಧ ಯಾವ ಮಹಾ ಎಂದುಕೊಂಡಿದ್ದೆ.

ಹೆಂಡತಿ ಉಲ್ಬೊಲ್ಸಿನ್ ಊರಿನ ಒಂದು ಹಾಲಿನ ಕಾರ್ಖಾನೆಯಲ್ಲಿ ಮೂವತ್ತು ಹಳ್ಳಿಗಳಿಂದ ಹಾಲು ಕೊಳ್ಳುವ ಉಸ್ತುವಾರಿ. ಬೇಸಿಗೆಯಲ್ಲಿ ದಾರಿಯಲ್ಲೇ ಒಡೆದುಹೋಗುತ್ತಿದ್ದ ಹಾಲು ಒಡೆಯದಂತೆ ಲಾರಿಗಳ ದಾರಿಯನ್ನೇ ತಿರುಗಿಸಿದವಳು ಅವಳು. ಮಾಲೀಕರು ಅವಳಿಗೆ ಒಂದು ಮಾತು ಕೊಟ್ಟಿದ್ದರು. ಪರದೇಶದವರು ಇಂಗ್ಲಿಷಿನಲ್ಲಿ ನಡೆಸುವ ಅಲ್ಮಾಟಿಯ ವ್ಯವಹಾರ ಶಾಲೆಯಲ್ಲಿ ಒಂದು ವರ್ಷ ಓದಿ ಬಂದರೆ ಇಡೀ ಕಾರ್ಖಾನೆ ನೋಡಿಕೊಳ್ಳುವ ಕೆಲಸ ಅವಳಿಗೆ. ಈ ವರ್ಷ ಸೀಟು ಸಿಗದಿದ್ದರೆ ಆ ಕೆಲಸ ಮಾಲೀಕರ ಅಳಿಯನಿಗೆ. ಆ ಅಳಿಯನಿಗೆ ಹಸುವಿಗೂ ಹೋರಿಗೂ ಇರುವ ವ್ಯತ್ಯಾಸ ಗೊತ್ತೋ ಇಲ್ಲವೋ ಎಂಬುದು ಕಾರ್ಖಾನೆಯಲ್ಲಿ ಇನ್ನೂ ಇತ್ಯರ್ಥವಾಗದ ಚರ್ಚೆ. ಉಲ್ಬೊಲ್ಸಿನ್ ಹದಿನಾಲ್ಕು ವರ್ಷ ದುಡಿದು ಕಾದಿದ್ದು ಆ ಕೆಲಸಕ್ಕೆ. ಶಾಲೆಯ ಪರೀಕ್ಷೆ ಬರೆದಳು, ಒಳ್ಳೆಯ ಅಂಕ ಬಂತು. ಉಳಿದದ್ದು ಒಂದೇ ಒಂದು ಪ್ರಬಂಧ: "ನೀವು ಮಾಡಿದ ಒಂದು ತಪ್ಪಿನ ಬಗ್ಗೆ ಐನೂರು ಪದಗಳಲ್ಲಿ ಬರೆಯಿರಿ. ಅದರಿಂದ ಏನು ಕಲಿತಿರಿ?"

ನಾನೇ ಬರೆದುಕೊಳ್ಳುತ್ತೇನೆ, ನೀವು ಕೈ ಹಾಕಬೇಡಿ ಎಂದು ಅವಳು ಅವತ್ತೇ ಸ್ಪಷ್ಟವಾಗಿ ಹೇಳಿದ್ದಳು. ಆದರೆ ಮನೆಯಲ್ಲಿ ಇಂಥ ಮಹಾಪ್ರತಿಭೆ ಚಹಾ ಕುಡಿಯುತ್ತಾ ಸುಮ್ಮನೆ ಕೂತಿರುವುದೆಂದರೇನು!

ಮೊದಲ ಕರಡು ಮೂರೇ ದಿನದಲ್ಲಿ ಸಿದ್ಧವಾಯಿತು. ಏಳು ತಲೆಮಾರಿನ ಅಜ್ಜಂದಿರನ್ನು ಹೆಸರಿಸದೆ ನಮ್ಮಲ್ಲಿ ಯಾರ ಪರಿಚಯವೂ ಶುರುವಾಗುವುದಿಲ್ಲ. ಹಾಗಾಗಿ ಅವಳ ಏಳು ಅಜ್ಜಂದಿರು, ಅವರ ಕುದುರೆಗಳು, ಆ ಕುದುರೆಗಳು ಗೆದ್ದ ಓಟಗಳು ಎಲ್ಲವನ್ನೂ ವೈಭವದಿಂದ ಬರೆದೆ. ಉಲ್ಬೊಲ್ಸಿನ್ ಹಾಳೆ ತಿರುವಿ ಹಾಕಿದಳು.

"ನಾನು ಹುಟ್ಟೋದು ಯಾವಾಗ?"

"ನಾಲ್ಕನೇ ಪುಟದಲ್ಲಿ."

"ಅವರು ಕೇಳಿರೋದೇ ಒಂದು ಪುಟ ಕಣ್ರೀ."

ಎರಡನೆಯ ಕರಡಿನಲ್ಲಿ ಅಜ್ಜಂದಿರನ್ನೆಲ್ಲ ಭಾರವಾದ ಹೃದಯದಿಂದ ಬೀಳ್ಕೊಟ್ಟೆ. ತಪ್ಪು ಎಂದರೆ ಹೊಳೆಯುವಂಥ ತಪ್ಪಿರಬೇಕು ಎಂಬುದು ನನ್ನ ಸಿದ್ಧಾಂತ. "ಕೆಲಸದಲ್ಲಿ ಮುಳುಗಿದರೆ ನನಗೆ ಊಟದ ನೆನಪೂ ಇರುವುದಿಲ್ಲ, ಇದೇ ನನ್ನ ಮಹಾಪರಾಧ" ಎಂದು ಬರೆದೆ. ಇದು ತಪ್ಪಲ್ಲ, ಸನ್ಮಾನಪತ್ರ ಎಂದಳು. ಅಲ್ಲದೆ ತಾನು ಊಟ ಮರೆತದ್ದು ಯಾವತ್ತು ಎಂದು ತಾರೀಖು ಕೇಳಿದಳು. ನನ್ನ ಬಳಿ ತಾರೀಖು ಇರಲಿಲ್ಲ.

ಒಳ್ಳೆಯ ಪ್ರಬಂಧ ಬರೆಯುವುದು ಹೇಗೆ ಎಂದು ಅಂತರ್ಜಾಲದಲ್ಲಿ ಹುಡುಕಿದೆ. ಘಟನೆ ಸಣ್ಣದಿರಲಿ, ನಿಜವಾದದ್ದಿರಲಿ, ನಿಮ್ಮದೇ ಆಗಿರಲಿ ಎಂದಿತ್ತು. ಸಣ್ಣದು, ನಿಜವಾದದ್ದು ಎಂಬಲ್ಲಿಗೆ ನನ್ನ ಉತ್ಸಾಹ ಉಕ್ಕಿಬಿಟ್ಟಿತು. ಮೂರನೆಯದನ್ನು ಸರಿಯಾಗಿ ಓದಲೇ ಇಲ್ಲ. ಹೆಂಡತಿಯ ನಿಜವಾದ ತಪ್ಪುಗಳು ಯಾರಿಗೆ ಗೊತ್ತಿರುತ್ತವೆ? ಗಂಡನ ಮನೆಯವರಿಗೆ! ಹೊಸ ವರ್ಷದ ನೌರಿಜ್ ಹಬ್ಬಕ್ಕೆ ಹದಿನೆಂಟು ಮಂದಿ ನೆಂಟರು ಬಂದಿದ್ದರು. ಊಟವಾದ ಮೇಲೆ, ತಮದಾ ಗತ್ತಿನಲ್ಲಿ ಎದ್ದು ನಿಂತು, ಈ ಮನೆಯ ಸೊಸೆಯ ತಪ್ಪುಗಳನ್ನು ಒಬ್ಬೊಬ್ಬರಾಗಿ ಹೇಳಬೇಕೆಂದು ವಿನಂತಿಸಿದೆ.

ಮದುವೆಯಲ್ಲಿ ಆಶೀರ್ವಾದ ಹೇಳಲು ನಾಚುವವರೂ ಅವತ್ತು ಸರದಿಗಾಗಿ ಜಗಳವಾಡಿದರು. ಮಾಂಸ ತೆಳ್ಳಗೆ ಹೆಚ್ಚುತ್ತಾಳೆ, ಬೇಗ ನಡೆಯುತ್ತಾಳೆ, ಫೋನಿನಲ್ಲಿ ಗಂಡಸರ ಜೊತೆ ದರ ಮಾತಾಡುತ್ತಾಳೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ. ಕೊನೆಗೆ ಬಲ್ಕಿಯಾ ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡರು. ಗೌರವದ ಅತಿಥಿಗೆ ಬಟ್ಟಲಿನ ತಳದಲ್ಲಿ ಎರಡು ಗುಟುಕು ಚಹಾ ಮಾತ್ರ ಬಗ್ಗಿಸಬೇಕು, ಮತ್ತೆ ಮತ್ತೆ ಬಗ್ಗಿಸುತ್ತಾ ಕೂರಿಸಿಕೊಳ್ಳಬೇಕು. ಬಟ್ಟಲು ತುಂಬಿ ಕೊಟ್ಟರೆ ಕುಡಿದು ಹೊರಡಿ ಎಂದರ್ಥ. ಹದಿನಾರು ವರ್ಷದ ಕೆಳಗೆ, ಹೊಸ ಸೊಸೆಯಾಗಿದ್ದಾಗ ಉಲ್ಬೊಲ್ಸಿನ್ ಚಿಕ್ಕಮ್ಮನಿಗೆ ಬಟ್ಟಲು ತುಂಬಾ ಚಹಾ ಕೊಟ್ಟಿದ್ದಳಂತೆ!

"ಆ ಬಟ್ಟಲು ನೆನೆಸ್ಕೊಂಡ್ರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತೆ" ಎಂದರು ಚಿಕ್ಕಮ್ಮ.

ಸಣ್ಣದು! ನಿಜವಾದದ್ದು! ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಉಲ್ಬೊಲ್ಸಿನ್ ಅಷ್ಟೂ ಹೊತ್ತು ನೀರು ಕಾಯಿಸುವ ಸಮೋವರ್ ಪಕ್ಕ ಕೂತು ಹದಿನೆಂಟು ಜನರಿಗೆ ಚಹಾ ಬಗ್ಗಿಸುತ್ತಿದ್ದಳು. ಅವಳ ಮುಖ ನೋಡಲು ನನಗೆ ಪುರುಸೊತ್ತಿರಲಿಲ್ಲ.

ಅರ್ಜಿಗೆ ಕೊನೆಯ ದಿನ ಭಾನುವಾರ, ಸಂಜೆ ಆರು ಗಂಟೆ. ಅವತ್ತು ಬೆಳಿಗ್ಗೆ ಹಳ್ಳಿಯೊಂದರಲ್ಲಿ ಹಾಲು ತಣ್ಣಗಿಡುವ ಯಂತ್ರ ಕೆಟ್ಟಿತೆಂದು ಅವಳಿಗೆ ಕರೆ ಬಂತು. ನಾಲ್ಕಕ್ಕೆ ಬಂದುಬಿಡುತ್ತೇನೆ ಎಂದು ಹೊರಟಳು. ಲ್ಯಾಪ್‌ಟಾಪಿನಲ್ಲಿ ಅರ್ಜಿ ತೆರೆದೇ ಇತ್ತು; ಹೆಸರು, ಅಂಕ, ಮಾಲೀಕರ ಪತ್ರ ಎಲ್ಲವೂ ತುಂಬಿತ್ತು. ಪ್ರಬಂಧದ ಜಾಗ ಮಾತ್ರ ಖಾಲಿ. ಪಾಪ, ಇವಳಿಗೆ ಬರೆಯಲು ಆಗಿಲ್ಲ ಎಂದು ನಾನು ಮರುಗಿದೆ. "ಒಂದು ಬಟ್ಟಲು ಚಹಾ ನನಗೆ ಗ್ರಾಹಕರ ಮನಸ್ಸನ್ನು ಅರಿಯುವುದನ್ನು ಕಲಿಸಿತು" ಎಂಬ ನನ್ನ ಅಮರ ಕೃತಿಯನ್ನು, ಸರಿಯಾಗಿ ನಾನೂರ ತೊಂಬತ್ತೊಂಬತ್ತು ಪದಗಳನ್ನು, ಅಲ್ಲಿಗೆ ಅಂಟಿಸಿ ಕಳಿಸಿಯೇಬಿಟ್ಟೆ. ಅರ್ಜಿ ತಲುಪಿದೆ, ಇನ್ನು ತಿದ್ದಲು ಅವಕಾಶವಿಲ್ಲ ಎಂದು ಪರದೆ ಹೇಳಿತು. ತಿದ್ದುವ ಅಗತ್ಯವಾದರೂ ಏನಿದೆ ಎಂದು ನಾನು ಪರದೆಗೆ ಉತ್ತರ ಕೊಟ್ಟೆ.

ಲ್ಯಾಪ್‌ಟಾಪ್ ಮುಚ್ಚಲು ಹೋದಾಗ ಹಿಂದೆ ಇನ್ನೊಂದು ಕಡತ ತೆರೆದಿದ್ದು ಕಂಡಿತು. ಅವಳ ಪ್ರಬಂಧ. ಮುಗಿದಿತ್ತು. ಮೇಷ್ಟ್ರ ಬುದ್ಧಿ, ಇಂಗ್ಲಿಷಿನ ತಪ್ಪು ಹುಡುಕಲೆಂದೇ ಓದಲು ಕೂತೆ.

ಅವಳು ಹೀಗೆ ಬರೆದಿದ್ದಳು:

"ನನ್ನ ಹೆಸರು ನಿಮಗೆ ಅರ್ಥವಾಗುವುದಿಲ್ಲ, ಆದ್ದರಿಂದ ಅನುವಾದಿಸುತ್ತೇನೆ. ಉಲ್ಬೊಲ್ಸಿನ್ ಎಂದರೆ 'ಗಂಡಾಗಲಿ'. ನಾನು ನನ್ನ ತಂದೆತಾಯಿಯ ನಾಲ್ಕನೇ ಮಗಳು. ಮುಂದಿನದಾದರೂ ಗಂಡಾಗಲಿ ಎಂದು ಈ ಹೆಸರಿಟ್ಟರು. ನನ್ನ ನಂತರವೂ ಹೆಣ್ಣೇ ಹುಟ್ಟಿತು. ಅಷ್ಟರಲ್ಲಿ ಅವರಿಗೆ ಸಾಕಾಗಿತ್ತು, ಅವಳಿಗೆ ಹೂವಿನ ಹೆಸರಿಟ್ಟರು. ಇದು ನನ್ನ ತಪ್ಪಲ್ಲ. ನನ್ನ ತಪ್ಪು ಬೇರೆ ಇದೆ. ಏಳು ವರ್ಷದ ಹಿಂದೆ ನನ್ನ ಮೂರನೇ ಮಗಳಿಗೆ ಉಲ್ತುವಾರ್ ಎಂದು ಹೆಸರಿಟ್ಟರು. ಹಾಗೆಂದರೆ 'ಗಂಡು ಹುಟ್ಟುವನು'. ನಾನು ಮಾತು ಬಾರದವಳಲ್ಲ. ಮೂವತ್ತು ಹಳ್ಳಿಯವರ ಜೊತೆ ಹಾಲಿನ ದರಕ್ಕೆ ಜಗಳ ಮಾಡುತ್ತೇನೆ. ಆ ದಿನ ನಾನು ಚಹಾ ಬಗ್ಗಿಸುತ್ತಾ ಕೂತೆ. ಏನು ಕಲಿತಿರಿ ಎಂದು ಕೇಳಿದ್ದೀರಿ. ಇನ್ನೂ ಕಲಿತಿಲ್ಲ. ದಿನವೂ ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ನಿಂತು ಆ ಹೆಸರು ಕೂಗುತ್ತೇನೆ. ಅವಳು ಓಡಿ ಬರುತ್ತಾಳೆ."

ಇನ್ನೂ ಇತ್ತು. ನನಗೆ ಮುಂದಕ್ಕೆ ಓದಲು ಆಗಲಿಲ್ಲ.

ಆ ಹೆಸರಿನ ಅರ್ಥ ನನಗೆ ಗೊತ್ತಿರಲಿಲ್ಲವೇ? ನಮ್ಮ ನುಡಿಯ ಹೆಸರು, ಗೊತ್ತಿಲ್ಲದೆ ಏನು! ಆದರೆ ಹದಿನಾರು ವರ್ಷದಲ್ಲಿ ನನ್ನ ಕಿವಿಗೆ ಅದು ಒಂದು ಸಲವೂ ಬಿದ್ದಿರಲಿಲ್ಲ. ನಾನು ದಿನವೂ ಪಾಠ ಹೇಳುವ ಪರದೇಶದ ಭಾಷೆಯಲ್ಲಿ ಓದಿದಾಗ ಬಿತ್ತು. ಗಂಡಾಗಲಿ, ಚಹಾ ಕೊಡು. ಗಂಡಾಗಲಿ, ನನ್ನ ಕಾಲುಚೀಲ ಎಲ್ಲಿ. ಗಂಡಾಗಲಿ, ನಿನ್ನಂಥ ಹೆಂಡತಿ ಊರಲ್ಲೇ ಇಲ್ಲ. ನಾನು ಇಷ್ಟು ವರ್ಷ ಪ್ರೀತಿಯಿಂದ ಕರೆದದ್ದೂ ಹೀಗೆಯೇ. ಇನ್ನು ಮೂರನೇ ಮಗಳ ಹೆಸರು ಸೂಚಿಸಿದ್ದು ನಾವು ಅಪಾ ಎಂದು ಕರೆಯುವ ನನ್ನ ತಾಯಿ; ನಾನು ತಲೆಯಾಡಿಸಿದೆ. ಹೆಸರಿಡುವ ದಿನ, ನನ್ನ ಗಂಟಲು ದೊಡ್ಡದೆಂದು, ಮಗುವಿನ ಕಿವಿಯಲ್ಲಿ ಮೂರು ಸಲ ಅದನ್ನು ಕೂಗುವ ಕೆಲಸವನ್ನು ನನಗೇ ಕೊಟ್ಟಿದ್ದರು. ಮಗು ಬೆಚ್ಚಿ ಅತ್ತಿತು, ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕಿದ್ದೆ. ಈಗ ಅದನ್ನು ನೆನೆದು ನಾನು ಅತ್ತೆ, ನಲವತ್ತೈದರ ಗಂಡಸು, ಅಡುಗೆಮನೆಯಲ್ಲಿ ಒಬ್ಬನೇ ಕೂತು.

ನಾಲ್ಕಕ್ಕೆ ಉಲ್ಬೊಲ್ಸಿನ್ ಬಂದಳು. ತಪ್ಪೊಪ್ಪಿಕೊಳ್ಳಲು ನನಗೆ ಒಂದೂ ದೊಡ್ಡ ಮಾತು ಹೊಳೆಯಲಿಲ್ಲ. ಕಳಿಸಿಬಿಟ್ಟೆ ಎಂದಷ್ಟೇ ಹೇಳಿದೆ. ಅವಳು ಪರದೆ ನೋಡಿದಳು. ಶಾಲೆಗೆ ನಾಲ್ಕು ಸಲ ಫೋನು ಮಾಡಿದಳು. ಭಾನುವಾರ, ಯಾರೂ ಎತ್ತಲಿಲ್ಲ. ಆಮೇಲೆ ನನ್ನ ಚಹಾ ಬಟ್ಟಲಿನ ಪ್ರಬಂಧವನ್ನು ನಿಧಾನವಾಗಿ, ಕೊನೆಯ ಪದದವರೆಗೆ ಓದಿದಳು.

"ನಿನ್ನದು ಮುಗಿದಿತ್ತಲ್ಲ, ಬೆಳಿಗ್ಗೆನೇ ಯಾಕೆ ಕಳಿಸಲಿಲ್ಲ?" ಎಂದೆ. ಕೇಳಬಾರದಿತ್ತು.

"ಮನೆ ವಿಷಯ ಅಲ್ವಾ. ನಿಮಗೊಂದು ಸಲ ಓದಿಸಿ ಕಳಿಸೋಣ ಅಂತಿದ್ದೆ."

ಅವಳು ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಹಿಟ್ಟು ಕಲೆಸಲು ಹೋದಳು. ಮರುದಿನ ಬೆಳಿಗ್ಗೆ ಶಾಲೆಯವರು ಫೋನಿಗೆ ಸಿಕ್ಕಿದರು, ನಿಯಮ ಎಲ್ಲರಿಗೂ ಒಂದೇ ಎಂದು ವಿನಯದಿಂದ ಹೇಳಿದರು. ಮೇ ತಿಂಗಳಲ್ಲಿ ಎರಡು ಸಾಲಿನ ಪತ್ರ ಬಂತು, ಸೀಟಿಲ್ಲ. ಜೂನ್‌ನಲ್ಲಿ ಅಳಿಯ ಬಂದು ಅವಳ ಮೇಲಧಿಕಾರಿಯಾಗಿ ಕೂತ. ಮೊದಲ ವಾರ ಅವನಿಗೆ ಕೆಲಸ ಕಲಿಸಿದ್ದೂ ಅವಳೇ. ಹದಿನಾಲ್ಕು ವರ್ಷ ಕಟ್ಟಿದ್ದನ್ನು ನಾನು ಒಂದು ಬೆರಳಿನಲ್ಲಿ ಕೆಡವಿದ್ದೆ. ಶನಿವಾರಗಳಲ್ಲಿ ಮೈಕು ಹಿಡಿದರೆ ನನ್ನ ದನಿ ನನಗೇ ಸಹಿಸಲಾಗುತ್ತಿರಲಿಲ್ಲ.

ಏನಾದರೂ ಸರಿಪಡಿಸಲೇಬೇಕೆಂದು ನಿರ್ಧರಿಸಿದೆ. ಮಗಳ ಹೆಸರು ಬದಲಾಯಿಸುವುದು! ಅಪಾಗೆ ಹೇಳಿದೆ. ಅವರು ಎರಡು ದಿನ ಮಾತು ಬಿಟ್ಟರು. ಮೂರನೇ ದಿನ, ಹೊಸ ಹೆಸರಿಗೆ ಮತ್ತೊಂದು ಕುರಿ ಕಡಿಯಬೇಕಾಗುತ್ತದೆ, ನೋಡಿಕೊ ಎಂದರು. ಅದನ್ನೇ ಒಪ್ಪಿಗೆ ಎಂದುಕೊಂಡೆ. ಹೆಸರು ಬದಲಾವಣೆಯ ಅರ್ಜಿಗೆ ತಾಯಿಯ ಸಹಿಯೂ ಬೇಕಿತ್ತು. ಉಲ್ಬೊಲ್ಸಿನ್ ಅದನ್ನು ಎರಡು ಸಲ ಓದಿದಳು, ಸಹಿ ಹಾಕಿದಳು. ಪೆನ್ನು ಕೈಯಲ್ಲೇ ಹಿಡಿದು, ಏನೋ ಕೇಳುವವಳಂತೆ ಒಂದು ಗಳಿಗೆ ನನ್ನ ಮುಖ ನೋಡಿದಳು. ನೋಂದಣಿ ಕಚೇರಿಗೆ ಹೊತ್ತಾಗುತ್ತದೆಂದು ನಾನು ಪೆನ್ನು ವಾಪಸು ಇಸಿದುಕೊಂಡೆ.

ಮಗಳನ್ನೂ ಕರೆದುಕೊಂಡು ಹೋದೆ. ಕಚೇರಿಯಲ್ಲಿ ಕಿಟಕಿಯ ಹಿಂದಿದ್ದ ಹೆಂಗಸು ಕಾಗದ ನೋಡಿ, ಮಗುವನ್ನು ಒಂದು ಮಾತು ಕೇಳಿಬಿಡಿ ಎಂದಳು. ನಾನು ಬಗ್ಗಿ, ಇನ್ನು ಮುಂದೆ ನಿನಗೆ ಬೇರೆ ಹೆಸರು, ನಿನಗೆ ಇಷ್ಟವಾದದ್ದು ಎಂದೆ. ನಿನ್ನ ಹೆಸರಿನ ಅರ್ಥ ಗೊತ್ತಾ ಎಂದೂ ಕೇಳಿದೆ.

"ಗೊತ್ತು" ಎಂದಳು ಉಲ್ತುವಾರ್. "ನಂದೂ ಅಮ್ಮಂದೂ ಒಂದೇ ಥರ."

"ಹೌದು ಕಂದಾ. ಅದಕ್ಕೇ ಬದಲಾಯಿಸ್ತಿರೋದು."

ಅವಳು ಕಿಟಕಿಯ ಕಟ್ಟೆಯ ಮೇಲಿದ್ದ ಕಾಗದವನ್ನು ತುದಿಗಾಲಲ್ಲಿ ನಿಂತು ನೋಡಿದಳು. ಅದರ ಕೆಳಗೆ ಇನ್ನೊಂದು ಇದೆಯೇನೋ ಎಂದು ಬೆರಳಿನಿಂದ ಎತ್ತಿಯೂ ನೋಡಿದಳು.

"ಪಾಪಾ, ಅಮ್ಮಂದು ಎಲ್ಲಿ?"

ಕಿಟಕಿಯ ಹಿಂದಿನ ಹೆಂಗಸು ನನ್ನ ಮುಖ ನೋಡಿದಳು. ನಾನು ತಂದದ್ದು ಒಂದೇ ಅರ್ಜಿ.